ಮುಳುಗುವ ಭಯದಲ್ಲಿ ಹುಟ್ಟಿದ ಈಜು

ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಬೈಲಹೊಂಗಲ ಸೀಮೆಯ ಎರೆಹೊಲಗಳನ್ನು ಬಳಸಿಕೊಂಡು ಬಂದು, ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ನುಸುಳುತ್ತದೆ. ಆ ಇಕ್ಕಟ್ಟಿಗೇ ಅಡ್ಡಗೋಡೆ ಕಟ್ಟಿದ್ದು. 1972ರಲ್ಲಿ ಮುಗಿದ ಆ ಅಣೆಕಟ್ಟಿನ ಹಿಂದೆ ನಿಲ್ಲುವ ರೇಣುಕಾ ಸಾಗರಕ್ಕೆ 37.73 ಟಿಎಂಸಿ ನೀರು ಹಿಡಿಯುತ್ತದೆ. ಗೇಟು ಎತ್ತಿದ ಸುದ್ದಿ ಮೊದಲು ಮುಟ್ಟುವ ಊರುಗಳಲ್ಲಿ ಮುನವಳ್ಳಿಯೂ ಒಂದು. 2019ರ ಆಗಸ್ಟಿನಲ್ಲಿ ಸುದ್ದಿಯ ಬೆನ್ನಿಗೇ ನೀರೂ ಬಂತು. ಹೊಳೆಬದಿಯ ಓಣಿಗಳ ಮನೆ, ಅಂಗಡಿಗಳೊಳಗೆ ಮಲಪ್ರಭೆ ಹೊಕ್ಕಿತು. ಬೇಸಿಗೆಯಲ್ಲಿ ಇದೇ ಹೊಳೆ ಕಲ್ಲುಬಂಡೆಗಳ ನಡುವೆ ಮಡುಮಡುವಾಗಿ ನಿಂತಿರುತ್ತದೆ. ನೋಡಲು ಶಾಂತ, ಆಳ ಮಾತ್ರ ಗೊತ್ತಾಗುವುದಿಲ್ಲ.

ಈ ದಂಡೆಯ ಮೇಲೆ ಒಂದು ವಿಚಿತ್ರ ಹಂಚಿಕೆಯಿದೆ. ನೀರಿನಲ್ಲಿ ಹೆಚ್ಚು ಹೊತ್ತು ಕಳೆಯುವವರು ಹೆಂಗಸರು, ಈಸಲು ಬರುವುದು ಗಂಡಸರಿಗೆ. ಹುಡುಗರಿಗೆ ಎಂಟು ಹತ್ತು ವರ್ಷ ತುಂಬುವಷ್ಟರಲ್ಲಿ ಅಪ್ಪನೋ ಕಾಕಾನೋ ಸೊಂಟಕ್ಕೆ ಹಗ್ಗ ಬಿಗಿದು ಹೊಲದ ಬಾವಿಗೆ ಬಿಡುತ್ತಾರೆ. ಹಿಂದೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು, ಈಗ ಖಾಲಿ ಪ್ಲಾಸ್ಟಿಕ್ ಡಬ್ಬಿ, ಟ್ಯೂಬು. ಒಂದು ಬೇಸಿಗೆ ಕಳೆದರೆ ಹುಡುಗ ಮೇಲಿಂದ ಜಿಗಿಯತೊಡಗುತ್ತಾನೆ. ಅವನ ಅಕ್ಕ ತಂಗಿಯರು ಬಾವಿಯ ಕಟ್ಟೆಯ ಮೇಲೆ ಕುಳಿತು ನೋಡುತ್ತಾರೆ. ಸಣ್ಣವರಿದ್ದಾಗ ಕಾಲು ಇಳಿಬಿಟ್ಟು ನೀರಾಡಿದ್ದರೂ, ದೊಡ್ಡವರಾದ ಮೇಲೆ ಅದೂ ಮುಗಿಯಿತು. ಆದರೆ ಹೊಳೆಯ ಕೆಲಸ ಮುಗಿಯುವುದಿಲ್ಲ. ಮಹಾನವಮಿ ಹತ್ತಿರ ಬಂದಾಗ ಮನೆಯ ಕೌದಿಗಳೆಲ್ಲ ಹೊಳೆಗೆ ಬರುತ್ತವೆ. ನೀರು ಕುಡಿದ ಕೌದಿಯ ಭಾರ ಎಷ್ಟೆಂಬುದು ಎಳೆದವರಿಗೇ ಗೊತ್ತು. ಮೊಣಕಾಲುದ್ದ ನೀರಿನಲ್ಲಿ, ಪಾಚಿಗಟ್ಟಿದ ಕಲ್ಲಿನ ಮೇಲೆ, ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿ ನಿಂತವಳ ಕಾಲು ಜಾರಿದರೆ ಹಿಡಿಯಲು ಓಡುವವರು ಪಕ್ಕದಲ್ಲಿದ್ದ ಅಕ್ಕನೋ ಮಗಳೋ ನೆಗೆಣ್ಣಿಯೋ. ಅವರಿಗೂ ಈಸಲು ಬಾರದು. ಒಬ್ಬಳನ್ನು ಉಳಿಸಲು ಹೋಗಿ ಮೂವರು ಹೋದರು ಎಂಬ ಸುದ್ದಿಯನ್ನು ನಮ್ಮ ಕಡೆಯ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ.

ಹೆಣ್ಣುಮಕ್ಕಳ ಸ್ಪರ್ಧಾ ಈಜಿನ ಕತೆಯನ್ನು ಪದಕಗಳಿಂದ ಶುರುಮಾಡುವುದು ರೂಢಿ. ನಾನು ಈ ಸಾವುಗಳಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಆ ಕತೆಯನ್ನು ಎಲ್ಲಿಂದ ಹಿಡಿದು ಹಿಂದಕ್ಕೆ ಹೋದರೂ ಒಂದಲ್ಲ ಒಂದು ಕಡೆ ಮುಳುಗುವ ಭಯ, ಇಲ್ಲವೇ ಕಾಯಿಲೆ ಎದುರಾಗುತ್ತದೆ.

ಕರ್ನಾಟಕದಲ್ಲೇ ನೋಡಿ. ಈಜುಗಾರ್ತಿ ನಿಶಾ ಮಿಲ್ಲೆಟ್ ಐದು ವರ್ಷದವರಿದ್ದಾಗ ಬೆಂಗಳೂರಿನಲ್ಲಿ ನೀರಿನಲ್ಲಿ ಮುಳುಗುವುದರಲ್ಲಿದ್ದರು. ಬದುಕಿದರು, ಆದರೆ ನೀರಿನ ಭಯ ಉಳಿಯಿತು. ಹೀಗಾದ ಮೇಲೆ ಬಹುಪಾಲು ತಂದೆತಾಯಿ ಮಗುವನ್ನು ನೀರಿನ ಹತ್ತಿರವೂ ಬಿಡುವುದಿಲ್ಲ. ಅವರ ತಂದೆ ಆಬ್ರಿ ಅದಕ್ಕೆ ವಿರುದ್ಧವಾದದ್ದನ್ನು ಮಾಡಿದರು. 1991ರಲ್ಲಿ ಚೆನ್ನೈಯ ಶೆಣೈ ನಗರ ಕ್ಲಬ್ಬಿನ ಕೊಳಕ್ಕೆ ಮಗಳನ್ನು ಕರೆದೊಯ್ದು, ಈಜು ಬರಲೇಬೇಕು ಎಂದು ಹಟ ಹಿಡಿದು ಕಲಿಸಿದರು. ಮಗಳನ್ನು ಚಾಂಪಿಯನ್ ಮಾಡುವ ಯೋಚನೆ ಆಗ ಇರಲಿಲ್ಲ, ಭಯ ಹೋದರೆ ಸಾಕಾಗಿತ್ತು. ಮರುವರ್ಷವೇ ಆ ಹುಡುಗಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ರಾಜ್ಯಮಟ್ಟದ ಪದಕ ಗೆದ್ದಳು. 1994ರಲ್ಲಿ, ಇನ್ನೂ ಸಬ್ ಜೂನಿಯರ್ ವಯಸ್ಸಿನಲ್ಲಿ, ಹಿರಿಯರ ರಾಷ್ಟ್ರೀಯ ಕೂಟದ ಐದೂ ಫ್ರೀಸ್ಟೈಲ್ ಸ್ಪರ್ಧೆಗಳ ಚಿನ್ನ ಅವಳದಾಯಿತು.

ಒಬ್ಬ ಅಪ್ಪನ ಹಟದಿಂದ ಒಬ್ಬ ಮಗಳು ಈಜುಗಾರ್ತಿಯಾಗಬಹುದು. ಒಂದು ಊರಿನ ಹೆಣ್ಣುಮಕ್ಕಳೆಲ್ಲ ಈಸುವಂತಾಗಲು ಏನಾಗಬೇಕು? ಇದಕ್ಕೆ ಉತ್ತರ ಹುಡುಕಲು ನೂರಿಪ್ಪತ್ತು ವರ್ಷ ಹಿಂದಿನ ನ್ಯೂಯಾರ್ಕಿಗೆ ಹೋಗಬೇಕಾಗುತ್ತದೆ.

1904ರ ಜೂನ್ 15. ನ್ಯೂಯಾರ್ಕಿನ ಜರ್ಮನ್ ವಲಸಿಗರ ಚರ್ಚೊಂದು ವರ್ಷಕ್ಕೊಮ್ಮೆ ನಡೆಸುವ ವಿಹಾರಕ್ಕೆಂದು ‘ಜನರಲ್ ಸ್ಲೋಕಂ’ ಎಂಬ ಉಗಿಹಡಗನ್ನು ಗೊತ್ತುಮಾಡಿತ್ತು. ವಾರದ ನಡುವಿನ ದಿನ, ಗಂಡಸರು ಕೆಲಸಕ್ಕೆ ಹೋಗಿದ್ದರು. ಹಡಗಿನ ತುಂಬ ಹೆಂಗಸರು, ಮಕ್ಕಳು. ಈಸ್ಟ್ ರಿವರ್‌ನ ನಡುವೆ ಹಡಗಿಗೆ ಬೆಂಕಿ ಬಿತ್ತು. ಜೀವರಕ್ಷಕ ಅಂಗಿಗಳೊಳಗಿನ ಬೆಂಡು ಹಳತಾಗಿ ಪುಡಿಯಾಗಿತ್ತು. ನೀರಿಗೆ ಹಾರಿದ ಹೆಂಗಸರ ಮೈಮೇಲೆ ಆ ಕಾಲದ ಪದರುಪದರಿನ ಉಣ್ಣೆಯ ಲಂಗ, ಒಳಲಂಗ, ಬೂಟು. ದಂಡೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಒಂದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸುತ್ತಲೂ ನೀರಿರುವ ಆ ನಗರಕ್ಕೆ ತನ್ನ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ ಈಜು ಬಾರದೆಂಬುದು ಆ ದಿನ ಉರಿದು ಕಂಡಿತು. ಹೆಂಗಸರಿಗೂ ಈಜು ಕಲಿಸಬೇಕು ಎಂಬ ಮಾತಿಗೆ ಬಲ ಬಂದದ್ದು ಆಮೇಲೆ.

ಆದರೂ ಹಾದಿ ಸಲೀಸಾಗಿರಲಿಲ್ಲ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮಹಿಳೆಯರ ಈಜು ಸ್ಪರ್ಧೆ ನಡೆದಾಗ ಅಮೆರಿಕ ತನ್ನ ಹೆಣ್ಣುಮಕ್ಕಳನ್ನು ಕಳಿಸಲೇ ಇಲ್ಲ. ಉದ್ದಲಂಗ ತೊಡದೆ ಹೆಂಗಸರು ಸಾರ್ವಜನಿಕವಾಗಿ ಸ್ಪರ್ಧಿಸಬಾರದು ಎಂಬುದು ಅಲ್ಲಿನ ಕ್ರೀಡಾ ಹಿರಿಯರ ನಿಲುವು. ಇದನ್ನು ಬದಲಿಸಿದವಳು ದೊಡ್ಡ ಈಜುಗಾರ್ತಿಯೇನೂ ಅಲ್ಲ. ಶಾರ್ಲಟ್ ಎಪ್‌ಸ್ಟೀನ್ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ದಿನವಿಡೀ ವಕೀಲರ ಮಾತು ಬರೆದುಕೊಂಡು, ಸಂಜೆ ದಣಿವಾರಿಸಿಕೊಳ್ಳಲು ಈಜಲು ಹೋಗುತ್ತಿದ್ದವಳು. 1917ರಲ್ಲಿ ತನ್ನಂಥ ನೌಕರಿಯ ಹೆಂಗಸರನ್ನು ಸೇರಿಸಿ ನ್ಯೂಯಾರ್ಕಿನ ಮಹಿಳಾ ಈಜು ಸಂಘ ಕಟ್ಟಿದಳು. ಬಾಡಿಗೆಗೆ ಹಿಡಿದ ಸಣ್ಣ ಕೊಳ, ಗೊತ್ತುಮಾಡಿದ ಸಮಯ, ಸಂಬಳ ಕೇಳದ ಹ್ಯಾಂಡ್ಲಿ ಎಂಬ ತರಬೇತುದಾರ. ಅಷ್ಟರಿಂದ ಶುರು. ಎಪ್‌ಸ್ಟೀನಳ ಕಾಲದಲ್ಲಿ ಆ ಸಂಘದ ಹುಡುಗಿಯರು ಐವತ್ತಕ್ಕೂ ಹೆಚ್ಚು ವಿಶ್ವದಾಖಲೆ ಮಾಡಿದರು. ಈ ಹೆಸರು ನಮ್ಮಲ್ಲಿ ಬಹುತೇಕ ಯಾರಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ಇಡೀ ಕತೆಯ ನಾಯಕಿ ಅವಳೇ.

ಆ ಕೊಳಕ್ಕೆ ಬಂದ ಹುಡುಗಿಯರು ಯಾರೆಂದು ಒಮ್ಮೆ ನೋಡಬೇಕು. ಈಥೆಲ್ಡಾ ಬ್ಲೈಬ್‌ಟ್ರಿ ಪೋಲಿಯೊದಿಂದ ಚೇತರಿಸಿಕೊಳ್ಳಲು ನೀರಿಗಿಳಿದವಳು. ಏಲಿನ್ ರಿಗಿನ್‌ಗೆ 1918ರ ಇನ್‌ಫ್ಲುಯೆಂಜಾ ಬಂದುಹೋಗಿತ್ತು, ಮೈಗೆ ಬಲ ಬರಲೆಂದು ಈಜಿಗೆ ಹಾಕಿದ್ದರು. 1919ರಲ್ಲಿ ಈಥೆಲ್ಡಾ ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀಚಿನಲ್ಲಿ ಕಾಲುಚೀಲ ಕಳಚಿಟ್ಟು ಸಮುದ್ರಕ್ಕಿಳಿದಳು. ಬರಿಗಾಲು ಕಂಡದ್ದಕ್ಕೆ ಅವಳ ಮೇಲೆ ಬಂದ ಆರೋಪ ‘ನಗ್ನ ಈಜು’. ಜನ ಅವಳ ಪರ ನಿಂತರು, ಪ್ರಕರಣ ಬಿದ್ದುಹೋಯಿತು, ಕಾಲುಚೀಲದ ಕಟ್ಟಳೆಯೂ ಸಡಿಲವಾಯಿತು. ಮರುವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್. ಈಜಿಗೆಂದು ಕೊಟ್ಟಿದ್ದು ತಣ್ಣಗೆ ಕೊರೆಯುವ, ಕಪ್ಪು ನೀರಿನ ಕಂದಕ. ಮಹಿಳೆಯರಿಗಿದ್ದ ಮೂರೂ ಈಜು ಸ್ಪರ್ಧೆಗಳ ಚಿನ್ನ ಈಥೆಲ್ಡಾಳದು. ಹದಿನಾಲ್ಕರ ಏಲಿನ್ ಡೈವಿಂಗ್‌ನಲ್ಲಿ ಚಿನ್ನ ಗೆದ್ದಳು. ಎಂಟು ವರ್ಷ ಹಿಂದೆ ಹೆಣ್ಣುಮಕ್ಕಳನ್ನು ಕಳಿಸಲು ಒಲ್ಲೆನೆಂದ ದೇಶದಿಂದ ಈಗ ಆ ಹುಡುಗಿಯರ ಜತೆ ನಿರ್ವಾಹಕಿಯಾಗಿ ಬಂದವಳು ಅದೇ ಶೀಘ್ರಲಿಪಿಗಾರ್ತಿ.

ಸಂಘದ ಅತಿ ದೊಡ್ಡ ಹೆಸರು ಗರ್ಟ್ರೂಡ್ ಎಡರ್ಲಿ. ಅವಳ ಬದುಕಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಸ್ಲೋಕಂ ದುರಂತದ ಮರುವರ್ಷ, 1905ರಲ್ಲಿ, ಜರ್ಮನ್ ವಲಸಿಗರ ಮನೆಯಲ್ಲೇ ಹುಟ್ಟಿದವಳು. ತಂದೆಗೆ ಮಾಂಸದ ಅಂಗಡಿ. ಬೇಸಿಗೆಗೆ ನ್ಯೂಜೆರ್ಸಿಯ ಹೈಲ್ಯಾಂಡ್ಸ್‌ಗೆ ಹೋದಾಗ ಆ ತಂದೆ ಮಗಳ ಸೊಂಟಕ್ಕೆ ಹಗ್ಗ ಕಟ್ಟಿ ಕಟ್ಟೆಯ ಮೇಲಿಂದ ನೀರಿಗೆ ಬಿಟ್ಟು ಕಲಿಸಿದ. ನಮ್ಮ ಹೊಲದ ಬಾವಿಗಳಲ್ಲಿ ನಡೆಯುವುದೂ ಇದೇ, ಅಲ್ಲಿ ಹಗ್ಗದ ತುದಿಯಲ್ಲಿದ್ದದ್ದು ಮಗಳು ಎಂಬುದಷ್ಟೇ ಬೇರೆ. ಸಣ್ಣವಳಿದ್ದಾಗ ಬಂದ ದಡಾರದಿಂದ ಅವಳ ಕಿವಿ ಮಂದವಾಗಿತ್ತು. ನೀರಿಗಿಳಿದರೆ ಇನ್ನೂ ಹದಗೆಡುತ್ತದೆ ಎಂದು ವೈದ್ಯರು ಎಚ್ಚರಿಸಿದರೂ ಅವಳು ಬಿಡಲಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ರಿಲೇ ಚಿನ್ನ, ಜತೆಗೆ ಎರಡು ಕಂಚು.

ಆಮೇಲೆ ಇಂಗ್ಲಿಷ್ ಕಾಲುವೆ. ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವೆ, ಅತಿ ಕಿರಿದಾದಲ್ಲಿ 33 ಕಿಲೋಮೀಟರ್ ಅಗಲದ ಸಮುದ್ರ. ಸೆಳವು ಅಡ್ಡಕ್ಕೆ ಎಳೆಯುವುದರಿಂದ ಈಜಬೇಕಾದದ್ದು ಅದಕ್ಕಿಂತ ಬಹಳ ಹೆಚ್ಚು. ಅಲ್ಲಿಯವರೆಗೆ ದಾಟಿದವರು ಐದೇ ಜನ, ಐವರೂ ಗಂಡಸರು. 1925ರ ಆಗಸ್ಟಿನಲ್ಲಿ ಅವಳ ಮೊದಲ ಯತ್ನ ಅರ್ಧಕ್ಕೆ ನಿಂತಿತು. ಅವಳು ಮುಳುಗುತ್ತಿದ್ದಾಳೆಂದು ತರಬೇತುದಾರ ಮೇಲೆತ್ತಿಸಿದ, ತಾನು ಸುಮ್ಮನೆ ದಣಿವಾರಿಸಿಕೊಳ್ಳುತ್ತಿದ್ದೆ ಎಂದು ಅವಳು ಕೊನೆಯವರೆಗೂ ಹೇಳಿದಳು. ಯಾರಾದರೂ ಮುಟ್ಟಿದರೆ ಪ್ರಯತ್ನ ಅಲ್ಲಿಗೆ ಅಸಿಂಧು. ಮರುವರ್ಷ ಬೇರೆ ತರಬೇತುದಾರನೊಂದಿಗೆ ಬಂದಳು. ಕಾಲಿಗೆ ಸುತ್ತಿಕೊಳ್ಳುವ ಉಡುಪು ಬೇಡವೆಂದು ಅಕ್ಕ ಮಾರ್ಗರೆಟ್ ಜತೆ ಸೇರಿ ಎರಡು ತುಂಡಿನ ಹಗುರ ಉಡುಪು ಸಿದ್ಧಮಾಡಿಕೊಂಡಿದ್ದಳು. ಕನ್ನಡಕದೊಳಗೆ ಉಪ್ಪುನೀರು ಸೋರದಂತೆ ಅಂಚಿಗೆ ಮೇಣ ಮೆತ್ತಿದ್ದರು. ಗೆದ್ದರೆ ಕೆಂಪು ಕಾರು ಕೊಡಿಸುವೆನೆಂದು ಅಪ್ಪ ಮಾತು ಕೊಟ್ಟಿದ್ದ.

1926ರ ಆಗಸ್ಟ್ 6ರ ಬೆಳಗ್ಗೆ ಏಳರ ಸುಮಾರಿಗೆ ಕೇಪ್ ಗ್ರಿ ನೇಯಿಂದ ನೀರಿಗಿಳಿದಳು. ಮಧ್ಯಾಹ್ನದ ಹೊತ್ತಿಗೆ ಗಾಳಿ, ಮಳೆ, ಎತ್ತೆತ್ತರದ ಅಲೆ. ಬೆಂಗಾವಲು ದೋಣಿಯಲ್ಲಿದ್ದವರೇ ಹೆದರಿ, ಸಾಕು ಮೇಲೆ ಬಾ ಎಂದು ಕರೆದರು. ಯಾಕೆ ಎಂದು ತಿರುಗಿ ಕೇಳಿ ಅವಳು ಕೈ ಬೀಸುತ್ತ ಹೋದಳು. ಹದಿನಾಲ್ಕೂವರೆ ಗಂಟೆಯ ನಂತರ, ಕತ್ತಲಲ್ಲಿ, ಕಿಂಗ್ಸ್‌ಡೌನ್ ದಂಡೆ ಹತ್ತಿದಾಗ ಐವರು ಗಂಡಸರಲ್ಲಿ ಅತಿ ವೇಗದವನಿಗಿಂತಲೂ ಸುಮಾರು ಎರಡು ಗಂಟೆ ಮುಂದಿದ್ದಳು. ನ್ಯೂಯಾರ್ಕಿನಲ್ಲಿ ಅವಳ ಮೆರವಣಿಗೆಗೆ ಸೇರಿದವರು ಇಪ್ಪತ್ತು ಲಕ್ಷ ಎಂದು ಆಗಿನ ಅಂದಾಜು.

ಮೆರವಣಿಗೆ ಮುಗಿದ ಮೇಲಿನ ಬದುಕು ನನ್ನನ್ನು ಹೆಚ್ಚು ಕಾಡುತ್ತದೆ. ಕಿವಿ ಇನ್ನಷ್ಟು ಹೋಯಿತು. 1933ರಲ್ಲಿ ಮೆಟ್ಟಿಲ ಮೇಲಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ವರ್ಷಗಟ್ಟಲೆ ಹಾಸಿಗೆ ಹಿಡಿದಳು. ಇನ್ನು ಓಡಾಟವೇ ಕಷ್ಟ ಎಂದಿದ್ದವರ ಮುಂದೆ 1939ರ ನ್ಯೂಯಾರ್ಕ್ ವಿಶ್ವಮೇಳದ ಜಲಪ್ರದರ್ಶನದಲ್ಲಿ ಮತ್ತೆ ಈಜಿದಳು. ಆಮೇಲೆ ಕಿವುಡ ಮಕ್ಕಳ ಶಾಲೆಯಲ್ಲಿ ಈಜು ಕಲಿಸಿದಳು. ಮದುವೆಯಾಗಲಿಲ್ಲ. 2003ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡಳು.

ಅಮೆರಿಕದ್ದು ಅಮೆರಿಕಕ್ಕೆ, ನಮ್ಮ ಹೊಳೆದಂಡೆಯ ರೀತಿನೀತಿ ಬೇರೆ ಎನ್ನುವವರು ಇರುತ್ತಾರೆ. ಅವರಿಗೆ ಹೂಗ್ಲಿ ನದಿಯನ್ನು ತೋರಿಸಬೇಕು. ಕೋಲ್ಕತ್ತದ ಆರತಿ ಸಹಾ ಹುಟ್ಟಿದ್ದು 1940ರಲ್ಲಿ. ಎರಡೂವರೆ ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಮಗು. ಚಿಕ್ಕಪ್ಪನ ಜತೆ ಚಾಂಪಾತಲಾ ಘಾಟಿಗೆ ಸ್ನಾನಕ್ಕೆ ಹೋಗುತ್ತ ಅಲ್ಲೇ ಈಜು ಕಲಿತಳು. ಇಲ್ಲಿಯವರೆಗೆ ಇದು ಯಾವ ಹೊಳೆದಂಡೆಯಲ್ಲೂ ನಡೆಯಬಹುದಾದ ಸಂಗತಿ. ಮುಂದಿನದು ಹಾಗಲ್ಲ. ತಂದೆ ಅವಳನ್ನು ಹಟಖೋಲಾ ಈಜು ಕ್ಲಬ್ಬಿಗೆ ಸೇರಿಸಿದರು. ಅಲ್ಲಿ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆಲ್ಲಲಿದ್ದ ಸಚಿನ್ ನಾಗ್ ಅವರ ಕಣ್ಣಿಗೆ ಬಿದ್ದಳು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗ ಅವಳಿಗೆ ಹನ್ನೊಂದು ವರ್ಷ. 1959ರಲ್ಲಿ, ಎಡರ್ಲಿ ಇಳಿದ ಅದೇ ಭೂಶಿರದಿಂದ ಇಂಗ್ಲಿಷ್ ಕಾಲುವೆಗೆ ಇಳಿದರು. ಮೊದಲ ಯತ್ನದಲ್ಲಿ ದಾರಿ ತೋರುವ ದೋಣಿಯೇ ತಡವಾಗಿ ಬಂದು, ಆಚೆ ದಂಡೆ ಇನ್ನು ಕೆಲವೇ ಮೈಲಿ ಇರುವಾಗ ಸೆಳವಿಗೆ ಸೋಲಬೇಕಾಯಿತು. ಸೆಪ್ಟೆಂಬರ್ 29ರಂದು ಮತ್ತೆ ಇಳಿದರು. 16 ಗಂಟೆ 20 ನಿಮಿಷ. ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆ. ಮರುವರ್ಷ ಪದ್ಮಶ್ರೀ.

ಘಾಟಿನಿಂದ ಹೆಲ್ಸಿಂಕಿಗೆ ದಾರಿ ಮಾಡಿದ್ದು ನದಿಯಲ್ಲ, ನದಿಯ ಪಕ್ಕದಲ್ಲಿದ್ದ ಕ್ಲಬ್. ಹೂಗ್ಲಿಯಲ್ಲಿ ನೀರೂ ಇತ್ತು, ಕ್ಲಬ್ಬೂ ಇತ್ತು. ಮಲಪ್ರಭೆಯಲ್ಲಿ ನೀರಷ್ಟೇ ಇದೆ.

ಕರ್ನಾಟಕದಲ್ಲಿ ಆ ಕ್ಲಬ್ಬುಗಳು ಬೆಳೆದದ್ದು ಹೊಳೆಯೇ ಇಲ್ಲದ ಬೆಂಗಳೂರಿನಲ್ಲಿ. ನಿಶಾ ಮಿಲ್ಲೆಟ್ 1999ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ, ದೂರದ ಮಣಿಪುರದಲ್ಲಿ, 14 ಚಿನ್ನ ಗೆದ್ದರು. 100 ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಮುಗಿಸಿದ ಭಾರತದ ಮೊದಲ ಮಹಿಳೆ ಅವರು. ಅರ್ಜುನ ಪ್ರಶಸ್ತಿ ಬಂತು. 2000ದ ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ತಮ್ಮ ಹೀಟ್‌ನಲ್ಲಿ ಮೊದಲಿಗರಾಗಿ ಗೋಡೆ ಮುಟ್ಟಿದರು, ಆದರೆ ಸೆಮಿಫೈನಲ್‌ಗೆ ಆ ಸಮಯ ಸಾಲಲಿಲ್ಲ. 2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ. ಅಥೆನ್ಸ್ ಒಲಿಂಪಿಕ್ಸ್‌ನ ಅರ್ಹತೆ ಕೂದಲೆಳೆಯಲ್ಲಿ ತಪ್ಪಿತು. ಸ್ಪರ್ಧೆ ಬಿಟ್ಟ ಮೇಲೆ ತಮ್ಮ ಹೆಸರಿನ ಅಕಾಡೆಮಿ ಕಟ್ಟಿ ಈಜು ಕಲಿಸುತ್ತ ಬಂದಿದ್ದಾರೆ. ಎಡರ್ಲಿಯಂತೆ ಅವರ ಬೆನ್ನಿಗೂ ಪೆಟ್ಟು, ಅವಳಂತೆ ಇವರೂ ಕಲಿಸುವುದಕ್ಕೆ ತಿರುಗಿದರು.

ಅಥೆನ್ಸ್‌ಗೆ ಹೋದವರು ಬೆಂಗಳೂರಿನವರೇ ಆದ ಶಿಖಾ ಟಂಡನ್. 50 ಮತ್ತು 100 ಮೀಟರ್ ಫ್ರೀಸ್ಟೈಲ್ ಎರಡರಲ್ಲೂ ಸ್ಪರ್ಧಿಸಿದರು. ಅವರು ಈಜಿಗೆ ಬಂದದ್ದು ತಮ್ಮನಿಗೆ ಆಸ್ತಮಾ ಇತ್ತೆಂದು, ವೈದ್ಯರು ಅವನಿಗೆ ಈಜು ಹೇಳಿದ್ದರೆಂದು. ಮತ್ತೆ ಅದೇ ಕಾಯಿಲೆ, ಅದೇ ನೀರು. 2024ರ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಗುಗೆ ಆಗ ಹದಿನಾಲ್ಕು, ಆಂಟ್‌ವರ್ಪ್‌ಗೆ ಹೋದಾಗ ಏಲಿನ್ ರಿಗಿನ್‌ಗಿದ್ದ ವಯಸ್ಸು. ಮೊದಮೊದಲು ನೀರಿಗಿಳಿಯಲು ಒಲ್ಲೆ ಎನ್ನುತ್ತಿದ್ದ ಹುಡುಗಿ ಇವಳು. ಸ್ಪರ್ಧೆ ನಿಶಾ ಅವರದೇ, 200 ಮೀಟರ್ ಫ್ರೀಸ್ಟೈಲ್. 2 ನಿಮಿಷ 6.96 ಸೆಕೆಂಡಿನಲ್ಲಿ ತನ್ನ ಹೀಟ್ ಗೆದ್ದಳು, ಒಟ್ಟಾರೆ 23ನೆಯವಳಾಗಿ ಸೆಮಿಫೈನಲ್ ಅವಕಾಶ ಕಳೆದುಕೊಂಡಳು. ಇಪ್ಪತ್ನಾಲ್ಕು ವರ್ಷಗಳ ಅಂತರದಲ್ಲಿ ಇಬ್ಬರೂ ಒಂದೇ ಬಾಗಿಲಲ್ಲಿ ನಿಂತರು. ಅದನ್ನು ದಾಟುವವಳು ಬೆಂಗಳೂರಿನ ನಾಲ್ಕೈದು ಬಡಾವಣೆಗಳಿಂದಲೇ ಬರಬೇಕೆಂದು ನಾವು ಕಾಯುತ್ತಿದ್ದೇವೆ, ಅದು ನನಗೆ ಸರಿ ಕಾಣುವುದಿಲ್ಲ. ಕರ್ನಾಟಕದ ಹೆಣ್ಣುಮಕ್ಕಳ ಈಜು ಎಂದರೆ ಒಂದು ನಗರದ ಈಜು ಎಂದಾಗಿರುವಾಗ, ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯ ಸಾವಿರಾರು ಹುಡುಗಿಯರ ತೋಳಿನ ಬಲ ಎಷ್ಟೆಂದು ಯಾರೂ ಅಳೆದೇ ನೋಡಿಲ್ಲ.

ನಮ್ಮ ಕಡೆ ಬೆಳಗಾವಿಯಲ್ಲಿ ಕೆಎಲ್‌ಇಯ ಜೆಎನ್‌ಎಂಸಿ ಆವರಣದಲ್ಲಿ ಒಲಿಂಪಿಕ್ ಅಳತೆಯ ಈಜುಕೊಳವಿದೆ. ಮುನವಳ್ಳಿಯಿಂದ ಅದು ಎಂಬತ್ತು ಕಿಲೋಮೀಟರಿನ ಆಸುಪಾಸು. ಈಜಿನ ಅಭ್ಯಾಸ ವಾರಕ್ಕೊಮ್ಮೆ ಹೋಗಿ ಬರುವಂಥದ್ದಲ್ಲ, ದಿನವೂ ಬೆಳಗಿನ ಜಾವ ನೀರಿಗಿಳಿಯಬೇಕು. ಬಸ್ಸಿನಲ್ಲಿ ಯರಗಟ್ಟಿ ದಾಟಿ ಹೋಗಿ ಈಸಿ, ತಿರುಗಿ ಬಂದು ಶಾಲೆಗೆ ಕೂಡುವುದು ಯಾವ ಹುಡುಗಿಯಿಂದಲೂ ಆಗದು. ಹೊಳೆಯಲ್ಲೇ ಅಭ್ಯಾಸ ಮಾಡಲಿ ಎನ್ನುವುದೂ ತಪ್ಪು. ಅಣೆಕಟ್ಟಿನ ಕೆಳಗಿನ ನೀರು ಗೇಟಿನ ಮಾತು ಕೇಳುತ್ತದೆ, ದಂಡೆಯವರ ಮಾತನ್ನಲ್ಲ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ.

ಉಡುಪಿನ ಮಾತು ಬಂದೇ ಬರುತ್ತದೆ. ಅದು ನ್ಯೂಯಾರ್ಕಿನಲ್ಲೂ ಬಂದಿತ್ತು. 2010ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದಂತೆ ಹೆಣ್ಣುಮಕ್ಕಳ ಸ್ಪರ್ಧೆಯ ಉಡುಪು ಭುಜದಿಂದ ಮೊಣಕಾಲಿನವರೆಗೆ ಇರಬಹುದು. ಕಲಿಯುವ ಹಂತದಲ್ಲಂತೂ ಮೈತುಂಬ ಮುಚ್ಚುವ ಈಜುಡುಪು ತೊಟ್ಟು ಎಷ್ಟೋ ಹೆಂಗಸರು ನಗರದ ಕೊಳಗಳಲ್ಲಿ ಕಲಿಯುತ್ತಾರೆ. ಸುತ್ತ ಎತ್ತರದ ಕಾಂಪೌಂಡು, ಹೆಂಗಸರಿಗೇ ಮೀಸಲಾದ ಹೊತ್ತು, ಕಲಿಸಲು ಹೆಣ್ಣುಮಗಳು, ಕಾಯಲು ತರಬೇತಾದ ಜೀವರಕ್ಷಕಿ ಇದ್ದರೆ ಮನೆಯ ಹಿರಿಯರ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ. ಉಳಿದರ್ಧವನ್ನು ಇಳಿಸಲು ಹಿರಿಯರನ್ನೇ ಕೊಳದ ದಂಡೆಗೆ ಕರೆಯಬೇಕು. ಬೆಳವಡಿ ಮಲ್ಲಮ್ಮನ ಹೆಣ್ಣುಪಡೆಯನ್ನೂ ಕಿತ್ತೂರ ಚೆನ್ನಮ್ಮನನ್ನೂ ಎದೆಯುಬ್ಬಿಸಿ ನೆನೆಯುವ ಸೀಮೆ ಇದು. ಕುದುರೆ ಏರಿದ ಹೆಣ್ಣನ್ನು ಒಪ್ಪಿದ ಮನಸ್ಸು, ನೀರಿಗಿಳಿದ ಹೆಣ್ಣನ್ನು ಒಪ್ಪಲಾರದೆಂದು ನಾನು ನಂಬುವುದಿಲ್ಲ.

ಒಲಿಂಪಿಕ್ ಕೊಳವನ್ನೇ ಕಟ್ಟಬೇಕಿಲ್ಲ. ಸ್ಪರ್ಧೆಗೆ 25 ಮೀಟರ್ ಕೊಳಕ್ಕೂ ಮಾನ್ಯತೆಯಿದೆ. ನಾಲ್ಕು ಸಾಲಿನ ಒಂದು ಕೊಳದಲ್ಲಿ, ಸಾಲಿಗೆ ಆರರಂತೆ, ಒಂದು ತಾಸಿಗೆ ಇಪ್ಪತ್ನಾಲ್ಕು ಜನ ಕಲಿಯಬಹುದು. ಸವದತ್ತಿಗೋ ಮುನವಳ್ಳಿಗೋ ರಾಮದುರ್ಗಕ್ಕೋ ಇದು ಹೊರಲಾರದ ಭಾರವಲ್ಲ. ಪುರಸಭೆಗಳಿವೆ, ಸಹಕಾರಿ ಬ್ಯಾಂಕುಗಳಿವೆ, ಶಾಲೆ ನಡೆಸುವ ಮಠಗಳಿವೆ, ವರ್ಷವಿಡೀ ಲಕ್ಷಾಂತರ ಭಕ್ತರು ಬರುವ ಎಲ್ಲಮ್ಮನ ಗುಡ್ಡವಿದೆ. ಇಲ್ಲದಿರುವುದು ಶಾರ್ಲಟ್ ಎಪ್‌ಸ್ಟೀನಳಂಥ ಒಬ್ಬಳು: ಹಗಲು ಕಚೇರಿಯಲ್ಲೋ ಶಾಲೆಯಲ್ಲೋ ದುಡಿದು, ಸಂಜೆ ಹತ್ತು ಹೆಂಗಸರನ್ನು ಕೂಡಿಸಿ, ಕೊಳದ ಕೀಲಿ ಯಾರ ಬಳಿಯಿದೆ, ನಮ್ಮ ಪಾಳಿ ಎಷ್ಟು ಹೊತ್ತಿಗೆ ಎಂದು ಬಿಡದೆ ಕೇಳುವವಳು. ಅಂಥವಳು ಸವದತ್ತಿ ತಾಲ್ಲೂಕಿನ ಯಾವುದೋ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿಯೋ, ಯಾವುದೋ ಊರಲ್ಲಿ ಆಶಾ ಕಾರ್ಯಕರ್ತೆಯಾಗಿಯೋ ಈಗಾಗಲೇ ಇರಬಹುದು. ಅವಳು ಅರ್ಜಿ ಹಿಡಿದು ಬಂದ ದಿನ ಪುರಸಭೆಯ ಬಾಗಿಲು ತೆರೆದಿರಲಿ. ಮೊದಲ ವರ್ಷ ಪಂದ್ಯದ ಗೊಡವೆ ಬೇಡ. ಇಪ್ಪತ್ನಾಲ್ಕು ಹೆಣ್ಣುಮಕ್ಕಳು ಯಾರ ಆಸರೆಯೂ ಇಲ್ಲದೆ 25 ಮೀಟರ್ ದಾಟಿದರೆ ಸಾಕು. ಎರಡನೇ ವರ್ಷಕ್ಕೆ ಒಂದು ಸ್ಟಾಪ್‌ವಾಚ್ ತರಿಸೋಣ.